ಹಿಮದ ಹಾದಿಯಲ್ಲಿ ಬಲಶಾಲಿ ಕಾರು

ಚಳಿಗಾಲದ ರಜೆ ಬಂದಿತೆಂದರೆ ದೆಹಲಿಯ ನಮ್ಮ ಕುಟುಂಬಗಳಲ್ಲಿ ಮನಾಲಿಯ ಮಾತು ಏಳುತ್ತದೆ. ರೋಹ್ತಾಂಗ್ ಪಾಸ್‌ನ ಕೆಳಗೆ 9.02 ಕಿ.ಮೀ. ಉದ್ದದ ಅಟಲ್ ಸುರಂಗವು 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಲಾಹೌಲ್ ಕಣಿವೆಯೂ ಹತ್ತಿರವಾಗಿದೆ. ಮನೆಯ ಮಕ್ಕಳು ಸ್ಪೋರ್ಟ್ಸ್ ಕಾರಿನಲ್ಲಿ ಹೊರಟಿದ್ದರೆ ಅವರಿಗೆ ನಾವು ಹೇಳಬೇಕಾದ ಮಾತೊಂದಿದೆ: ಹಿಮದ ಮೇಲೆ ಕಾಯುವುದು ಎಂಜಿನ್ನಿನ ಬಲವಲ್ಲ, ಟೈರಿನ ಹಿಡಿತ.

ಇಂತಹ ಕಾರುಗಳಿಗೆ ಸಾಮಾನ್ಯವಾಗಿ ಅಗಲವಾದ ಬೇಸಿಗೆ ಟೈರುಗಳಿರುತ್ತವೆ. ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅವುಗಳ ರಬ್ಬರ್ ಗಡುಸಾಗಿ ಹಿಡಿತ ಕುಂದುತ್ತದೆ. ಹಿಂಚಕ್ರ ಚಾಲನೆಯ ಕಾರಾದರೆ ಆಕ್ಸಿಲರೇಟರನ್ನು ತುಸು ಹೆಚ್ಚು ಒತ್ತಿದರೂ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ನಾಲ್ಕು ಚಕ್ರಗಳ ಚಾಲನೆ ಹೊರಡುವಾಗ ನೆರವಾದೀತೇ ಹೊರತು ನಿಲ್ಲುವಾಗ ಅಲ್ಲ. ಮಂಜುಗಡ್ಡೆಯ ಮೇಲೆ ಕಾರು ನಿಲ್ಲಲು ಒಣರಸ್ತೆಯ ಹತ್ತುಪಟ್ಟು ದೂರ ಬೇಕಾಗಬಹುದು.

ಆದುದರಿಂದ ಚಳಿಗಾಲದ ಟೈರು ಇಲ್ಲವೆ ಚಕ್ರದ ಸರಪಳಿಯಿಲ್ಲದೆ ಹಿಮಕ್ಕೆ ಇಳಿಯಬಾರದು. ಟ್ರ್ಯಾಕ್ಷನ್ ಕಂಟ್ರೋಲನ್ನು ಆರಿಸದೆ, ಎರಡನೆಯ ಗೇರಿನಲ್ಲಿ ಮೆಲ್ಲನೆ ಹೊರಡಬೇಕು. ವೇಗವನ್ನು ತಿರುವಿನಲ್ಲಲ್ಲ, ತಿರುವಿಗೆ ಮೊದಲೇ ತಗ್ಗಿಸಬೇಕು. ಹಿಂಭಾಗ ಜಾರಿದರೆ ಬ್ರೇಕ್ ತುಳಿಯದೆ, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ಅದು ಜಾರಿದ ದಿಕ್ಕಿಗೇ ಸ್ಟಿಯರಿಂಗನ್ನು ಹದವಾಗಿ ತಿರುಗಿಸಬೇಕು. ಬಿಸಿಲು ಬೀಳದ ತಿರುವುಗಳಲ್ಲಿಯೂ ಸೇತುವೆಗಳ ಮೇಲೂ ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆ ಇರುತ್ತದೆ. ಮುಂಜಾವಿನಲ್ಲಂತೂ ಇನ್ನೂ ಎಚ್ಚರ ಬೇಕು.

ಹಿಮ ಸುರಿದ ದಿನಗಳಲ್ಲಿ ನಾಲ್ಕು ಚಕ್ರಗಳ ಚಾಲನೆಯ ವಾಹನಗಳನ್ನು ಮಾತ್ರ ಪೊಲೀಸರು ಮುಂದೆ ಬಿಡುವುದುಂಟು. ಅಂದು ನಮ್ಮ ಕಾರನ್ನು ಮನಾಲಿಯಲ್ಲಿಯೇ ನಿಲ್ಲಿಸಿ, ಹಾದಿ ಬಲ್ಲ ಸ್ಥಳೀಯ ಚಾಲಕರ ವಾಹನವನ್ನೇರುವುದೇ ವಿವೇಕ. ಅದರಿಂದ ಕಾರಿನ ಗೌರವಕ್ಕೇನೂ ಕುಂದಿಲ್ಲ.