ಮಧ್ಯಮ ದರದ ವಿಹಾರನೌಕೆ: ಬೆಲೆಯೂ ಮೌಲ್ಯವೂ

ಬೆಂಗಳೂರು ಸಮುದ್ರದಿಂದ ದೂರವಾದ, ಸುಮಾರು 900 ಮೀಟರುಗಳ ಎತ್ತರದಲ್ಲಿರುವ ಊರು. ಆದರೂ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮಧ್ಯಮವರ್ಗದ ಮನೆಗಳಲ್ಲಿ ಕಾಶೀಯಾತ್ರೆಯ ಮಾತಿನೊಡನೆ ಹಡಗಿನ ವಿಹಾರದ ಮಾತೂ ಈಚೆಗೆ ಕೇಳಿಬರುತ್ತಿದೆ. ನಿವೃತ್ತಿಯ ಹಣದಲ್ಲೊಂದು ಪಾಲನ್ನು ತೆಗೆದು ಮಾಡತಕ್ಕ ವೆಚ್ಚವಾದುದರಿಂದ, ಅದು ಕೊಟ್ಟ ಹಣಕ್ಕೆ ತಕ್ಕುದೇ ಎಂಬ ಪ್ರಶ್ನೆಯು ಅಲ್ಪವಾದುದಲ್ಲ. ಅದನ್ನು ನಿರ್ಣಯಿಸುವ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಿದರ್ಶನಕ್ಕಾಗಿ ಕೊರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ನೌಕೆಯನ್ನು ತೆಗೆದುಕೊಳ್ಳೋಣ. 1990ರಲ್ಲಿ ಫ್ರಾನ್ಸ್ ದೇಶದಲ್ಲಿ ನಿರ್ಮಿತವಾಗಿ, ಬಹುಕಾಲ ರಾಯಲ್ ಕೆರಿಬಿಯನ್ ಸಂಸ್ಥೆಗೆ ಸೇರಿದ್ದ ಈ ಹಡಗು, 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದಲೂ 2022ರ ಜೂನಿನಲ್ಲಿ ಚೆನ್ನೈಯಿಂದಲೂ ಯಾನವನ್ನಾರಂಭಿಸಿತು.

ಮೊದಲು ಬೆಲೆಯನ್ನು ಗೊತ್ತುಮಾಡಬೇಕು. ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನಕ್ಕೆ ದೋಸೆಗಾಗಿ ಹೋಗುವವನಿಗೆ ತಾನು ತೆರಬೇಕಾದುದೆಷ್ಟೆಂಬುದು ಕುಳಿತೊಡನೆಯೇ ತಿಳಿಯುತ್ತದೆ. ಹಡಗಿನ ವಿಷಯ ಹಾಗಲ್ಲ. ಪ್ರಕಟಿತ ದರದ ಮೇಲೆ ಬಂದರಿನ ಶುಲ್ಕ, ತೆರಿಗೆ, ಸೇವಕವರ್ಗದ ಇನಾಮು ಇವು ಸಾಮಾನ್ಯವಾಗಿ ಸೇರುತ್ತವೆ. ತೀರಕ್ಕಿಳಿದು ಊರು ನೋಡುವ ವೆಚ್ಚ ಬೇರೆ. ನಮ್ಮವರಿಗೆ ಸುಮಾರು 350 ಕಿಲೋಮೀಟರು ದೂರದ ಚೆನ್ನೈಗೋ, ಅದಕ್ಕೂ ಬಹು ದೂರದ ಮುಂಬಯಿಗೋ ಹೋಗಿಬರುವ ರೈಲಿನ ಖರ್ಚೂ ಇದೆ. ಆದುದರಿಂದ ಬೆಲೆಯನ್ನು ಮನೆಯ ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸತಕ್ಕದ್ದು.

ಎರಡನೆಯದು ಕಾಲ. ‘ಮೂರು ರಾತ್ರಿ, ನಾಲ್ಕು ದಿನ’ ಎಂಬ ಯಾನದಲ್ಲಿ ಮೊದಲ ದಿನ ಮಧ್ಯಾಹ್ನ ಹತ್ತಿ ಕಡೆಯ ದಿನ ಬೆಳಿಗ್ಗೆ ಇಳಿಯುವುದು ವಾಡಿಕೆ. ಪೂರ್ಣವಾಗಿ ದೊರೆಯುವ ದಿನಗಳು ಎರಡೇ. ಒಟ್ಟು ವೆಚ್ಚವನ್ನು ಎರಡರಿಂದ ಭಾಗಿಸಿದಾಗ ಬರುವ ಮೊತ್ತವೇ ನಿಜವಾದ ದಿನವಹಿ ದರ.

ಮೂರನೆಯದು ಅವಕಾಶ. ಹಡಗಿನ ಗ್ರಾಸ್ ಟನ್ ಎಂಬುದು ತೂಕವಲ್ಲ. ಒಳಗಿನ ಆವೃತ ಸ್ಥಳದ ಅಳತೆ. ಎಂಪ್ರೆಸ್ ಸುಮಾರು 48,500 ಗ್ರಾಸ್ ಟನ್ನಿನದು. ಅದರಲ್ಲಿ ಸುಮಾರು 800 ಕ್ಯಾಬಿನ್‌ಗಳಿವೆ. ಕ್ಯಾಬಿನ್ ಒಂದಕ್ಕೆ ಇಬ್ಬರಂತೆ ಭಾಗಿಸಿದರೆ ತಲೆಗೆ 30ರಷ್ಟು ಬರುತ್ತದೆ. 2024ರಲ್ಲಿ ಯಾನವನ್ನಾರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಎಂಬ ಮಹಾನೌಕೆಗೆ ಇದೇ ಲೆಕ್ಕದಲ್ಲಿ ಸುಮಾರು 44 ಬರುತ್ತದೆ. ಈ ಅಂಕಿ ಕಡಮೆಯಾದಷ್ಟೂ ಊಟದ ಸಾಲೆಯಲ್ಲಿಯೂ ಮೆಟ್ಟಲುಗಳಲ್ಲಿಯೂ ನೂಕುನುಗ್ಗಲು ಹೆಚ್ಚಬಹುದು. ಆದರೆ ಇದು ಸರಾಸರಿ ಮಾತ್ರ. ನಮ್ಮ ಕ್ಯಾಬಿನ್ ಎಷ್ಟು ದೊಡ್ಡದೆಂಬುದನ್ನಾಗಲಿ, ಅದಕ್ಕೆ ಕಿಟಕಿಯುಂಟೇ ಎಂಬುದನ್ನಾಗಲಿ ಹೇಳಲಾರದು.

ನಾಲ್ಕನೆಯದು, ದರವು ಮಧ್ಯಮವಾಗಿರಲು ಕಾರಣ. ಹಡಗು ಹೊರಟ ಬಳಿಕ ಖಾಲಿ ಉಳಿದ ಕ್ಯಾಬಿನ್ನಿನಿಂದ ಆದಾಯವಿಲ್ಲ. ಆದುದರಿಂದ ಈ ವ್ಯಾಪಾರದಲ್ಲಿ ದರವನ್ನು ಇಳಿಸಿಯಾದರೂ ಹಡಗನ್ನು ತುಂಬಿ, ಮದ್ಯ, ಜೂಜು, ಅಂಗಡಿ ಮೊದಲಾದವುಗಳಿಂದ ಲಾಭವನ್ನು ಪೂರೈಸಿಕೊಳ್ಳುವುದು ಪದ್ಧತಿ. ಕುಡಿಯದ, ಜೂಜಾಡದ, ದರದಲ್ಲಿ ಸೇರಿದ ಊಟವನ್ನೇ ಉಂಡು ಸಂತುಷ್ಟವಾಗುವ ಚಾಮರಾಜಪೇಟೆಯ ಕುಟುಂಬವು, ಪರರ ವೆಚ್ಚದಿಂದ ಅಗ್ಗವಾದ ದರದ ಪ್ರಯೋಜನವನ್ನು ಪಡೆಯುತ್ತದೆ. ಆದರೆ ಹಡಗಿನ ಸ್ಥಳದಲ್ಲೊಂದು ಭಾಗವು ಅವರಿಗೆ ಬೇಡವಾದ ವಿನೋದಗಳಿಗೇ ಮೀಸಲಾಗಿರುವುದನ್ನೂ ಮರೆಯಬಾರದು.

ಕೊನೆಯದಾಗಿ, ಯಾರು ಹೋಗುತ್ತಾರೆಂಬುದು. ದರಗಳನ್ನು ಇಬ್ಬರು ಒಂದು ಕ್ಯಾಬಿನ್ನಿನಲ್ಲಿರುವರೆಂದು ಎಣಿಸಿ ತಲೆಗೆ ಇಷ್ಟೆಂದು ಹೇಳುತ್ತಾರೆ. ತಲೆಗೆ 100 ಎಂದಿಟ್ಟುಕೊಂಡರೆ, ಒಬ್ಬರೇ ಇರಬಯಸುವವರು 150ರಿಂದ 200ರವರೆಗೆ ತೆರಬೇಕಾಗಿ ಬರುವುದು ಹಡಗುಗಳಲ್ಲಿ ಸಾಮಾನ್ಯ. ಮೂರನೆಯ, ನಾಲ್ಕನೆಯ ಹಾಸುಗೆಗಳಿಗೆ ದರ ಕಡಮೆಯಿದ್ದರೂ ಅವು ಹಲವು ವೇಳೆ ಏಣಿಯ ಮೇಲಿರುತ್ತವೆ. ಮಕ್ಕಳು ದೂರದೇಶದಲ್ಲಿದ್ದು ಮನೆಯಲ್ಲಿ ಒಂಟಿಯಾಗಿರುವ ವೃದ್ಧೆಗೆ ಜನರ ಸಂಗವೂ ಹೊಸ ನೋಟವೂ ಎಲ್ಲರಿಗಿಂತ ಅಧಿಕವಾಗಿ ಬೇಕು. ಆಕೆಗೇ ಈ ಯಾನವು ಎಲ್ಲರಿಗಿಂತ ದುಬಾರಿಯಾಗುತ್ತದೆ. ಸಮವಯಸ್ಕಳಾದ ತಂಗಿಯೋ ನೆರೆಯವಳೋ ಜೊತೆಗೂಡಿದರೆ ಅದೇ ಕ್ಯಾಬಿನ್ನು ತಲೆಗೆ ಕಡಮೆ ಬೆಲೆಗೆ ಬರುವುದಲ್ಲದೆ, ಕಂಡುದನ್ನು ಹೇಳಿಕೊಳ್ಳಲು ಒಬ್ಬರಾದರೂ ಇರುತ್ತಾರೆ.

ಹೀಗೆ ನೋಡಿದಾಗ ‘ಮಧ್ಯಮ ದರ’ವೆಂಬುದು ಹಡಗಿನ ಗುಣವಲ್ಲ, ಹಡಗಿಗೂ ಅದನ್ನೇರುವ ಮನೆಯವರಿಗೂ ಇರುವ ಸಂಬಂಧವೆಂದು ತಿಳಿದುಬರುತ್ತದೆ. ಮಿತವ್ಯಯಿಗಳಾದ ದಂಪತಿಗಳಿಗೆ ಲಾಭವಾಗುವ ಯಾನವೇ ಒಂಟಿಯಾದವರಿಗೆ ಭಾರವಾಗಬಹುದು. ಪ್ರಕಟನೆಯ ಚಿತ್ರವನ್ನು ನೋಡುವ ಮೊದಲು ಒಂದು ಹಾಳೆಯಲ್ಲಿ ಹೊಸ್ತಿಲಿನ ಲೆಕ್ಕವನ್ನೂ ಪೂರ್ಣ ದಿನಗಳನ್ನೂ ಜೊತೆಗಾರರ ಹೆಸರುಗಳನ್ನೂ ಬರೆದುಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.