ಬಟ್ಟಲೊಳಗಿನ ಗಾಳಿ, ತಕ್ಕಡಿಯ ಮೇಲಿನ ನೀರು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಹೊರತಂದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕಿಲೊಕ್ಯಾಲೊರಿ ಬೇಕಾಗುವ ವ್ಯಕ್ತಿಯ ತಟ್ಟೆಯಲ್ಲಿ ಏನೇನು ಎಷ್ಟೆಷ್ಟು ಇರಬೇಕೆಂಬ ಪಟ್ಟಿಯೊಂದಿದೆ. ಜೋಳ, ಅಕ್ಕಿ, ಗೋಧಿಯಂತಹ ಧಾನ್ಯಗಳು 250 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಬೇಳೆಕಾಳು 85 ಗ್ರಾಂ, ಹಣ್ಣು 100 ಗ್ರಾಂ, ಶೇಂಗಾದಂತಹ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ ಎಂದು ಎಲ್ಲವನ್ನೂ ತೂಕದಲ್ಲಿ ಹೇಳುತ್ತ ಹೋಗುವ ಆ ಪಟ್ಟಿಯು ಹಾಲು-ಮೊಸರಿಗೆ ಬಂದಾಗ ಮಾತ್ರ ತಕ್ಕಡಿಯನ್ನು ಬದಿಗಿಟ್ಟು 300 ಮಿಲಿಲೀಟರ್ ಎನ್ನುತ್ತದೆ. ರಾಯಚೂರು ಜಿಲ್ಲೆಯ ಮುದಗಲ್, ಲಿಂಗಸೂಗೂರು, ಮಸ್ಕಿಯ ಸೀಮೆಯಲ್ಲಿ ಜೋಳವನ್ನು ತಲೆಮಾರುಗಳಿಂದ ಸೇರು, ಪಾವು, ಚಟಾಕುಗಳಲ್ಲಿ ಅಳೆದು ಬಂದ ಅಡುಗೆಮನೆಗೆ ಈ ಪಟ್ಟಿ ತಲುಪಿದಾಗ, ಧಾನ್ಯವನ್ನು ಪಾತ್ರೆಯಲ್ಲಿ ಅಳೆದರೆ ಏನು ತಪ್ಪುತ್ತದೆ, ಹಾಲನ್ನು ಅಳೆದರೆ ಏಕೆ ತಪ್ಪುವುದಿಲ್ಲ ಎಂಬ ಪ್ರಶ್ನೆ ಏಳುವುದು ಸಹಜ.

ಆಹಾರದ ಶಕ್ತಿಯು ಅದರಲ್ಲಿರುವ ಪಿಷ್ಟ, ಪ್ರೋಟೀನು ಮತ್ತು ಕೊಬ್ಬಿನ ಅಣುಗಳಲ್ಲಿ ಅಡಗಿರುತ್ತದೆಯಾದ್ದರಿಂದ, ಎಷ್ಟು ದ್ರವ್ಯವಿದೆಯೋ ಅಷ್ಟು ಶಕ್ತಿಯೇ ಹೊರತು ಅದು ಎಷ್ಟು ಜಾಗ ಹಿಡಿದಿದೆ ಎಂಬುದಕ್ಕೂ ಶಕ್ತಿಗೂ ನೇರ ಸಂಬಂಧವಿಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮನುಷ್ಯರನ್ನೇ ಉಷ್ಣಮಾಪಕ ಕೋಣೆಯೊಳಗೆ ಇರಿಸಿ, ಅವರು ತಿಂದದ್ದನ್ನೂ ದೇಹದಿಂದ ಹೊರಬಿದ್ದ ಶಾಖವನ್ನೂ ಅಳೆದದ್ದಲ್ಲದೆ, ಪಿಷ್ಟ ಮತ್ತು ಪ್ರೋಟೀನು ಗ್ರಾಂಗೆ 4, ಕೊಬ್ಬು ಗ್ರಾಂಗೆ 9 ಕಿಲೊಕ್ಯಾಲೊರಿ ಎಂದು ನಿಗದಿಪಡಿಸಿದ ಗುಣಕಗಳೇ ಇಂದಿಗೂ ಆಹಾರ ಪೊಟ್ಟಣಗಳ ಮೇಲಿನ ಕ್ಯಾಲೊರಿ ಅಂಕಿಗಳ ಹಿಂದೆ ಕೆಲಸ ಮಾಡುತ್ತಿವೆ. ಭಾರತದಲ್ಲಿ ಕೂನೂರಿನ ಪೋಷಣಾ ಪ್ರಯೋಗಾಲಯದಿಂದ 1937ರಲ್ಲಿ ವಿಜ್ಞಾನಿ ಐಕ್ರಾಯ್ಡ್ ಹೊರತಂದ ಆಹಾರ ಪೋಷಕಾಂಶಗಳ ಕೈಪಿಡಿಯೂ, ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಬಳಿಕ ಸಿ. ಗೋಪಾಲನ್ ಮತ್ತು ಸಂಗಡಿಗರು 1971ರಲ್ಲಿ ಸಿದ್ಧಪಡಿಸಿದ ಕೋಷ್ಟಕವೂ ಇದೇ ದಾರಿ ಹಿಡಿದವು; 1971ರ ಕೋಷ್ಟಕವು 100 ಗ್ರಾಂ ಜೋಳಕ್ಕೆ 349, ಸಜ್ಜೆಗೆ 361, ಪಾಲಿಶ್ ಮಾಡಿದ ಅಕ್ಕಿಗೆ 345, ಶೇಂಗಾಕ್ಕೆ 567 ಕಿಲೊಕ್ಯಾಲೊರಿ ಎಂಬ ಅಂಕಿಗಳನ್ನು ಕೊಟ್ಟಿತು. ಒಂದು ಪಾವು ಜೋಳಕ್ಕೆ ಎಷ್ಟು ಎಂದು ಅಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸೇರು ಎಂಬ ಮಾತಿಗೆ ಎರಡು ಅರ್ಥಗಳಿದ್ದುದು ಈ ತೊಡಕಿನ ಮೂಲದಲ್ಲಿದೆ. ತೂಕದ ಸೇರು ಎಂದರೆ 80 ತೊಲೆ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಅಳತೆಯ ಸೇರು ಎಂದರೆ ಒಂದು ಪಾತ್ರೆ, ಅದರ ಗಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಸಿಕ್ಕ ಚಿನ್ನವನ್ನು ಯಾರೂ ಬಟ್ಟಲಿನಲ್ಲಿ ಅಳೆಯಲಿಲ್ಲ. ಆದರೆ ಕಣದಲ್ಲಿ ರಾಶಿ ಬಿದ್ದ ಜೋಳವನ್ನು ಆಯಗಾರರಿಗೆ ಹಂಚುವಾಗ ತಕ್ಕಡಿಗಿಂತ ಪಾತ್ರೆಯೇ ಚುರುಕಾಗಿ ನಡೆಯುತ್ತಿತ್ತು. ರಾಯಚೂರು ಜಿಲ್ಲೆಯು 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಎರಡು ತಿಂಗಳೊಳಗೇ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಸಂಸತ್ತಿನಿಂದ ಹೊರಬಂದು, 1958ರಿಂದ ಹಂತಹಂತವಾಗಿ ಕಿಲೊಗ್ರಾಂ ಮಾರುಕಟ್ಟೆಗೆ ಕಾಲಿಟ್ಟಿತಾದರೂ, ಮನೆಯೊಳಗೆ ಸೇರಿನ ಪಾತ್ರೆ ಉಳಿದೇ ಉಳಿಯಿತು.

ಆ ಪಾತ್ರೆಯೊಳಗೆ ನಿಜವಾಗಿ ಏನಿರುತ್ತದೆ ಎಂಬ ಪ್ರಶ್ನೆಗೆ ಗಣಿತದ ಇತಿಹಾಸದಲ್ಲೇ ಒಂದು ದೊಡ್ಡ ಅಧ್ಯಾಯವಿದೆ. ಫಿರಂಗಿಯ ಗುಂಡುಗಳನ್ನು ಹಡಗಿನ ಮೇಲೆ ಹೇಗೆ ಪೇರಿಸಬೇಕೆಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ಎತ್ತಿಕೊಂಡಿದ್ದನು. ಹ್ಯಾರಿಯಟ್‌ನೊಡನೆ ಪತ್ರವ್ಯವಹಾರ ನಡೆಸಿದ ಯೋಹಾನ್ಸ್ ಕೆಪ್ಲರ್ 1611ರಲ್ಲಿ, ಸಮಗಾತ್ರದ ಗುಂಡುಗಳನ್ನು ಎಷ್ಟೇ ಜಾಣತನದಿಂದ ಪೇರಿಸಿದರೂ ಜಾಗದ ಶೇ 74ಕ್ಕಿಂತ ಹೆಚ್ಚು ತುಂಬಲಾಗದೆಂಬ ಊಹೆಯನ್ನು ಮುಂದಿಟ್ಟನು. ಸಂತೆಯ ಹಣ್ಣಿನ ವ್ಯಾಪಾರಿ ಮೋಸಂಬಿಯನ್ನು ಪೇರಿಸುವ ರೀತಿಯೇ ಆ ಅತ್ಯುತ್ತಮ ರೀತಿ ಎಂಬುದನ್ನು ಸಾಬೀತುಪಡಿಸಲು 1998ರವರೆಗೆ, ಥಾಮಸ್ ಹೇಲ್ಸ್ ಬರುವವರೆಗೆ, ಕಾಯಬೇಕಾಯಿತು. ಆದರೆ ಜೋಳವನ್ನು ಯಾರೂ ಒಂದೊಂದೇ ಕಾಳಾಗಿ ಪೇರಿಸುವುದಿಲ್ಲ, ಸುರಿಯುತ್ತಾರೆ. ಸುರಿದ ಗುಂಡುಗಳ ವಿಚಾರವನ್ನು ಲಂಡನ್ನಿನ ಜೆ.ಡಿ. ಬರ್ನಲ್ ಮತ್ತು ಟೊರಾಂಟೊದ ಜಿ.ಡಿ. ಸ್ಕಾಟ್ 1960ರ ಆಸುಪಾಸಿನಲ್ಲಿ ಉಕ್ಕಿನ ಗುಂಡುಗಳನ್ನು ಪಾತ್ರೆಗೆ ಸುರಿದು, ಅಲುಗಾಡಿಸಿ ಪರೀಕ್ಷಿಸಿದಾಗ, ಸುಮ್ಮನೆ ಸುರಿದರೆ ಜಾಗದ ಶೇ 60, ಚೆನ್ನಾಗಿ ಕುಲುಕಿದರೆ ಶೇ 64 ಮಾತ್ರ ತುಂಬುತ್ತದೆಂದೂ, ಉಳಿದದ್ದೆಲ್ಲ ಗಾಳಿಯೆಂದೂ ಗೊತ್ತಾಯಿತು. ದುಂಡಗಿನ ಜೋಳದ ಕಾಳು ಈ ಗುಂಡಿಗೆ ಬಹಳ ಹತ್ತಿರದ್ದು. ಒಂದು ಕಾಳಿನ ಒಳದ್ರವ್ಯದ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.3 ಗ್ರಾಂ ಇದ್ದರೂ, ಒಂದು ಲೀಟರ್ ಪಾತ್ರೆಯಲ್ಲಿ ಕೂಡುವ ಜೋಳ ಕಿಲೊಗಿಂತ ಹೆಚ್ಚಿರದೆ ಮುಕ್ಕಾಲು ಕಿಲೊದ ಆಸುಪಾಸಿನಲ್ಲಿ ನಿಲ್ಲುವುದು ಇದರಿಂದಲೇ. ಪಾತ್ರೆಯನ್ನು ನೆಲಕ್ಕೆ ಎರಡು ಸಲ ಕುಟ್ಟಿದೊಡನೆ ಕಾಳು ಒಂದು ಬೆರಳಿನಷ್ಟು ಕೆಳಗಿಳಿಯುವುದನ್ನು ಕಂಡ ಯಾರಿಗೂ ಶೇ 60 ಮತ್ತು 64ರ ನಡುವಣ ಅಂತರವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಹುಟ್ಟುವುದು ಪಾತ್ರೆಯ ಬಾಯಿಯ ಮೇಲೆ. ಕಾಳನ್ನು ಬಾಯಿಮಟ್ಟಕ್ಕೆ ಗೀರಿ ಅಳೆಯುವುದು ಒಂದು ಕ್ರಮವಾದರೆ, ಗೋಪುರದಂತೆ ಏರಿಸಿ ಅಳೆಯುವುದು ಇನ್ನೊಂದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಧಾನ್ಯದ ಅಳತೆಯಲ್ಲಿ ಈ ಗೋಪುರವು ಒಟ್ಟಿನ ನಾಲ್ಕನೆಯ ಒಂದು ಭಾಗವಿರಬೇಕೆಂದೂ, ದ್ರವಗಳನ್ನು ಮಾತ್ರ ಬಾಯಿಮಟ್ಟಕ್ಕೇ ಅಳೆಯಬೇಕೆಂದೂ ವಿಧಿಸಿರುವುದನ್ನು ನೋಡಿದರೆ, ಸಮಸ್ಯೆಯ ತಿರುಳು ಎರಡು ಸಾವಿರ ವರ್ಷಗಳ ಹಿಂದೆಯೇ ಆಡಳಿತಗಾರರಿಗೆ ಅರಿವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಕಾಳಿನ ರಾಶಿಯು ಜಾರದೆ ನಿಲ್ಲಬಲ್ಲ ಇಳಿಜಾರಿಗೆ ಒಂದು ಮಿತಿಯಿದ್ದು, ಅದು ಧಾನ್ಯಗಳಲ್ಲಿ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಕೋನದೊಳಗಿರುತ್ತದೆ. ಕೋನ ಒಂದೇ ಆದುದರಿಂದ ಬಾಯಿ ಅಗಲವಾದಂತೆ ಗೋಪುರದ ಎತ್ತರವೂ ಏರುತ್ತದೆ, ಹೀಗಾಗಿ ಅದರ ಗಾತ್ರವು ಬಾಯಿಯ ತ್ರಿಜ್ಯದ ಘನಕ್ಕೆ ಅನುಗುಣವಾಗಿ ಹಿಗ್ಗುತ್ತದೆ. ಒಂದೊಂದು ಲೀಟರ್ ಹಿಡಿಯುವ ಎರಡು ಪಾತ್ರೆಗಳಲ್ಲಿ ಒಂದರ ಬಾಯಿಯ ತ್ರಿಜ್ಯ 5 ಸೆಂಟಿಮೀಟರ್, ಇನ್ನೊಂದರದು 8 ಸೆಂಟಿಮೀಟರ್ ಇದ್ದರೆ, 27 ಡಿಗ್ರಿ ಇಳಿಜಾರಿನಲ್ಲಿ ಮೊದಲನೆಯದರ ಗೋಪುರ ಸುಮಾರು 67 ಮಿಲಿಲೀಟರ್, ಎರಡನೆಯದರದು ಸುಮಾರು 273 ಮಿಲಿಲೀಟರ್ ಆಗುತ್ತದೆ. ಶಕ್ತಿಯ ಲೆಕ್ಕದಲ್ಲಿ ಆ ತುದಿಯ ಜೋಳವೊಂದೇ ಒಂದು ಕಡೆ ಸುಮಾರು 175, ಇನ್ನೊಂದು ಕಡೆ ಸುಮಾರು 715 ಕಿಲೊಕ್ಯಾಲೊರಿ. ಎರಡನ್ನೂ ಜನ ‘ಒಂದು ತುಂಬಿದ ಪಾತ್ರೆ’ ಎಂದೇ ಕರೆಯುತ್ತಾರೆ.

ಕಾಳು ಗಿರಣಿಯಿಂದ ಹಿಟ್ಟಾಗಿ ಮರಳಿದ ಮೇಲೆ ಪಾತ್ರೆಯ ಅಳತೆ ಇನ್ನಷ್ಟು ದುರ್ಬಲವಾಗುತ್ತದೆ. ಕಣ ಸಣ್ಣದಾದಂತೆ ಅದರ ಭಾರವು ತ್ರಿಜ್ಯದ ಘನದ ಪ್ರಮಾಣದಲ್ಲಿ ಕುಸಿಯುತ್ತದೆ, ಆದರೆ ಪಕ್ಕದ ಕಣಕ್ಕೆ ಅಂಟುವ ಸೆಳೆತ ಅಷ್ಟು ಬೇಗ ಕುಗ್ಗುವುದಿಲ್ಲ. ಆದ್ದರಿಂದ ಕಾಳು ಉರುಳಿ ಕೆಳಗಿನ ಸಂದಿಯನ್ನು ಸೇರುವಲ್ಲಿ ಹಿಟ್ಟಿನ ಕಣ ನೆರೆಯವನ್ನು ಹಿಡಿದುಕೊಂಡು ಸೇತುವೆ ಕಟ್ಟಿ ನಿಲ್ಲುತ್ತದೆ, ಸೇತುವೆಯ ಕೆಳಗೆ ಗಾಳಿ ಉಳಿಯುತ್ತದೆ. ಪುಡಿಯನ್ನು ಸಡಿಲವಾಗಿ ಸುರಿದಾಗಿನ ಸಾಂದ್ರತೆಗೂ ಕುಟ್ಟಿ ಇಳಿಸಿದಾಗಿನ ಸಾಂದ್ರತೆಗೂ ಇರುವ ಅನುಪಾತವನ್ನು ಔಷಧ ತಯಾರಕರು ಹೌಸ್ನರ್ ಅನುಪಾತವೆಂಬ ಹೆಸರಿನಲ್ಲಿ ಬಳಸುವುದು ಈ ಗುಣವನ್ನು ಅಳೆಯಲೆಂದೇ. ಸಾಣಿಗೆ ಹಿಡಿದ ಹಗುರ ಹಿಟ್ಟು 150 ಮಿಲಿಲೀಟರಿನ ಬಟ್ಟಲಿನಲ್ಲಿ 75 ಗ್ರಾಂ ಕೂಡಿದರೆ, ಡಬ್ಬಿಯ ತಳದಲ್ಲಿ ಒತ್ತಿ ಕುಳಿತ ಅದೇ ಹಿಟ್ಟು 100 ಗ್ರಾಂ ಕೂಡಬಹುದು. ಬಟ್ಟಲಿಗೆ 87 ಕಿಲೊಕ್ಯಾಲೊರಿಯ ಅಂತರವು ದಿನಕ್ಕೆರಡು ಸಲ ಪುನರಾವರ್ತನೆಯಾದರೆ ಕ್ಯಾಲೊರಿ ಎಣಿಸುವವರ ಶ್ರಮವೆಲ್ಲ ಆ ಸಡಿಲ ಹಿಟ್ಟಿನೊಳಗೇ ಕರಗಿಹೋಗುತ್ತದೆ. ನಾಗರ ಪಂಚಮಿಗೆ ಹುರಿಯುವ ಜೋಳದ ಅಳ್ಳಿನಲ್ಲಂತೂ ಕಾಳಿನೊಳಗಿನ ನೀರು ಆವಿಯಾಗಿ ಸಿಡಿದು ಪಿಷ್ಟವನ್ನು ಅರಳಿಸುವುದರಿಂದ, ಶಕ್ತಿ ಹೆಚ್ಚೂಕಡಿಮೆ ಅಷ್ಟೇ ಇದ್ದು ಗಾತ್ರ ಮಾತ್ರ ಹಲವು ಪಟ್ಟು ಬೆಳೆಯುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡರೆ ಎಲ್ಲವೂ ಬಗೆಹರಿಯಿತೆಂದು ತೋರಬಹುದು, ಮೊಬೈಲಿನ ಆಹಾರ ಆ್ಯಪ್‌ಗಳು ಬಿತ್ತುತ್ತಿರುವ ನಂಬಿಕೆಯೂ ಅದೇ. ಆದರೆ ಪಾತ್ರೆಯು ಗಾಳಿಯನ್ನೂ ಸೇರಿಸಿ ಅಳೆಯುವಂತೆ ತಕ್ಕಡಿಯು ನೀರನ್ನೂ ಸೇರಿಸಿ ತೂಗುತ್ತದೆ, ನೀರಿನಲ್ಲಿ ಕ್ಯಾಲೊರಿ ಇಲ್ಲ. ಇದನ್ನು ಈ ಸೀಮೆಯ ಖಡಕ್ ರೊಟ್ಟಿಯಷ್ಟು ಚೆನ್ನಾಗಿ ತೋರಿಸಿಕೊಡುವ ಪದಾರ್ಥ ಇನ್ನೊಂದಿಲ್ಲ. 40 ಗ್ರಾಂ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ತಟ್ಟಿದ ರೊಟ್ಟಿ ಹಂಚಿನಿಂದ ಇಳಿದಾಗ 65 ಗ್ರಾಂ ತೂಗಿತೆಂದಿಟ್ಟುಕೊಂಡರೆ, ಅದನ್ನೇ ಒಣಗಿಸಿ ಖಡಕ್ ಮಾಡಿದ ಮೇಲೆ 42 ಗ್ರಾಂಗೆ ಇಳಿಯಬಹುದು. ಎರಡರಲ್ಲೂ ಇರುವುದು ಅದೇ 140 ಕಿಲೊಕ್ಯಾಲೊರಿ. ಬಿಸಿ ರೊಟ್ಟಿಯ 100 ಗ್ರಾಂಗೆ 215, ಖಡಕ್ ರೊಟ್ಟಿಯ 100 ಗ್ರಾಂಗೆ 333 ಎಂದು ಬರುವ ಲೆಕ್ಕವನ್ನು ನೋಡಿ ಖಡಕ್ ರೊಟ್ಟಿ ದಪ್ಪಗಾಗಿಸುತ್ತದೆಂದು ಹೇಳುವುದು ನೀರಿಲ್ಲದಿರುವುದನ್ನು ಕೊಬ್ಬು ಎಂದು ತಿಳಿದಂತೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ನಾಡಾದ ಸಿಂಧನೂರಿನ ಅಕ್ಕಿಯೂ ಹೀಗೆಯೇ: 100 ಗ್ರಾಂ ಅಕ್ಕಿ ಉದುರುದುರಾಗಿ ಬೆಂದು 230 ಗ್ರಾಂ ಅನ್ನವಾದರೆ ನೂರು ಗ್ರಾಂ ಅನ್ನದಲ್ಲಿ 150, ಮೆತ್ತಗೆ ಬೆಂದು 280 ಗ್ರಾಂ ಆದರೆ 123 ಕಿಲೊಕ್ಯಾಲೊರಿ. ಒಂದು ಬಟ್ಟಲು ಮಂಡಾಳಿನ (ಮಂಡಕ್ಕಿಯ) ಒಗ್ಗರಣಿಗೆ ಇಷ್ಟೇ ಎಂದು ಕೊನೆಯ ಅಂಕಿಯವರೆಗೆ ನಿಖರವಾಗಿ ತೋರಿಸುವ ಆ್ಯಪ್‌ಗೆ ಬಟ್ಟಲು ಯಾವುದು, ಮಂಡಾಳು ಎಷ್ಟು ನೆನೆದಿತ್ತು, ಎಣ್ಣೆ ಎಷ್ಟು ಬಿತ್ತು ಎಂಬುದೊಂದೂ ಗೊತ್ತಿರುವುದಿಲ್ಲ. ಆ ನಿಖರತೆಯನ್ನು ನಂಬಬಾರದು. ಮಾರ್ಗಸೂಚಿಯ 250 ಗ್ರಾಂ ಎಂಬುದು ಬೇಯಿಸುವ ಮೊದಲಿನ ತೂಕವಾಗಿರುವುದರಿಂದ, ಮನೆಯಲ್ಲಿ ತೂಗುವ ಸರಿಯಾದ ಗಳಿಗೆ ಊಟದ ತಟ್ಟೆ ಬಂದಾಗಲ್ಲ, ನಾದುವ ಕೊಣಬಿಗೆಗೆ ಹಿಟ್ಟು ಬೀಳುವಾಗ. ನೀರು ತಾಗುವ ಮುನ್ನ ಇಡೀ ಮನೆಯ ಹಿಟ್ಟನ್ನು ಒಮ್ಮೆ ತೂಗಿ, ಎದ್ದ ರೊಟ್ಟಿಗಳ ಎಣಿಕೆಯಿಂದ ಭಾಗಿಸಿದರೆ, ಅಂತಹ 40 ಗ್ರಾಂ ಹಿಟ್ಟಿನ ಆರು ರೊಟ್ಟಿಗೆ ದಿನದ ಧಾನ್ಯದ ಪಾಲು ಹೆಚ್ಚೂಕಡಿಮೆ ಮುಗಿಯುತ್ತದೆ.

ಹಾಲಿನ ಸಾಲು ಮಿಲಿಲೀಟರಿನಲ್ಲಿರುವುದಕ್ಕೆ ಕಾರಣ ಈಗ ಕೌಟಿಲ್ಯನ ನಿಯಮದಲ್ಲೇ ಕಾಣುತ್ತದೆ: ದ್ರವದಲ್ಲಿ ಕಾಳುಗಳ ನಡುವಣ ಸಂದಿಯಿಲ್ಲ, ಗೋಪುರ ನಿಲ್ಲುವುದಿಲ್ಲ, ಕುಟ್ಟಿದರೆ ಇಳಿಯುವುದಿಲ್ಲ. ಹಾಲಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.03 ಗ್ರಾಂ ಆಗಿ ಬಹುತೇಕ ಸ್ಥಿರವಾಗಿರುವುದರಿಂದ ಅಳೆದರೂ ತೂಗಿದರೂ ಒಂದೇ. ಆದರೆ ಅದೇ 1971ರ ಕೋಷ್ಟಕವು 100 ಗ್ರಾಂ ಆಕಳ ಹಾಲಿಗೆ 67, ಎಮ್ಮೆಯ ಹಾಲಿಗೆ 117 ಕಿಲೊಕ್ಯಾಲೊರಿ ಎನ್ನುತ್ತದೆ. 300 ಮಿಲಿಲೀಟರಿಗೆ ಸುಮಾರು 150ರ ವ್ಯತ್ಯಾಸ, ಒಂದು ಜೋಳದ ರೊಟ್ಟಿಗಿಂತ ಹೆಚ್ಚು. ಕೊಬ್ಬು ಹಾಲನ್ನು ಹಗುರಗೊಳಿಸಿದಷ್ಟೇ ಉಳಿದ ಘನಾಂಶ ಅದನ್ನು ಭಾರವಾಗಿಸುವುದರಿಂದ ಎರಡೂ ಹಾಲು ತಕ್ಕಡಿಯಲ್ಲಿ ಒಂದೇ ರೀತಿ ಕಾಣುತ್ತವೆ, ಬಟ್ಟಲಿನಲ್ಲೂ ಒಂದೇ ರೀತಿ ಕಾಣುತ್ತವೆ. ಹಳ್ಳಿಯ ಹಾಲಿನ ಡೇರಿಯಲ್ಲಿ ಮುಂಜಾನೆ ಕ್ಯಾನು ಇಳಿಸಿದೊಡನೆ ಹಾಲನ್ನು ಅಳೆಯುವುದಷ್ಟಕ್ಕೇ ಬಿಡದೆ, ಸ್ವಲ್ಪ ಮಾದರಿ ತೆಗೆದು ಅದರ ಕೊಬ್ಬಿನ ಅಂಶವನ್ನು ಬೇರೆಯಾಗಿ ಪರೀಕ್ಷಿಸಿ, ಅದರ ಮೇಲೆ ದರ ಕಟ್ಟುವುದು ಈ ಕಾರಣಕ್ಕೇ.