ಬಾಡಿಗೆಯ ಮನೆಯೂ ದಲ್ಲಾಳಿಯ ರುಸುಮೂ

ಪ್ರತಿವರ್ಷವೂ ತರಗತಿಗಳು ಆರಂಭವಾಗುವ ಹೊತ್ತಿಗೆ ಪರಸ್ಥಳಗಳಿಂದ ಬೆಂಗಳೂರಿಗೆ ಬಂದು ಸೇರುವ ಕಿರಿಯ ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ನಮ್ಮಲ್ಲಿ ಮೊದಲು ವಿಚಾರಿಸುವುದು ಗ್ರಂಥಭಂಡಾರವನ್ನಲ್ಲ, ಮನೆಯನ್ನು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯನ್ನು ತೆತ್ತು ಮನೆ ಹಿಡಿಯುವುದು ಲೇಸೋ, ಬೀದಿ ಬೀದಿ ಅಲೆದು ಸ್ವತಃ ಹುಡುಕುವುದು ಲೇಸೋ ಎಂಬ ಅವರ ಪ್ರಶ್ನೆಗೆ ಹಿರಿಯರು ತಮ್ಮ ತಮ್ಮ ಅನುಭವಕ್ಕೆ ತಕ್ಕ ಉತ್ತರ ಹೇಳುವುದು ರೂಢಿ. ಅರ್ಥಶಾಸ್ತ್ರವನ್ನು ಬೋಧಿಸುವ ನಾವು ಅದನ್ನೊಮ್ಮೆ ಲೆಕ್ಕಕ್ಕೆ ಇಳಿಸಿ ನೋಡುವುದು ಅನುಚಿತವಾಗಲಾರದು.

ಅಕ್ಕಿಯ ಧಾರಣೆಯನ್ನು ಅರಿಯಲು ಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದರೆ ಸಾಕು. ಮನೆಗಾದರೋ ಅಂಥ ಪೇಟೆಯಿಲ್ಲ. ಗೇಟಿಗೆ ಕಟ್ಟಿದ ‘ಬಾಡಿಗೆಗೆ ಇದೆ’ ಎಂಬ ಫಲಕವನ್ನು ಕಣ್ಣಾರೆ ಕಂಡವನಿಗೇ ಅದರ ಸುದ್ದಿ. ಆದುದರಿಂದ ದಲ್ಲಾಳಿಯು ಮಾರುವ ಸರಕು ಮನೆಯಲ್ಲ, ಮನೆಯ ತಿಳಿವಳಿಕೆ. ತಿಳಿವಳಿಕೆಗೂ ಬೆಲೆಯುಂಟೆಂಬುದನ್ನು ಜಾರ್ಜ್ ಸ್ಟಿಗ್ಲರ್ 1961ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಹುಡುಕಾಟದ ತೊಡಕುಳ್ಳ ಮಾರುಕಟ್ಟೆಗಳನ್ನು ಕುರಿತ ವಿಶ್ಲೇಷಣೆಗಾಗಿ ಡೈಮಂಡ್, ಮಾರ್ಟೆನ್ಸನ್, ಪಿಸ್ಸಾರಿಡೀಸ್ ಎಂಬ ಮೂವರಿಗೆ 2010ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಸ್ಟಿಗ್ಲರರ ತತ್ತ್ವವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು. ಒಂದು ಬಡಾವಣೆಯಲ್ಲಿ ಒಂದೇ ತೆರನಾದ ಮನೆಗಳ ಬಾಡಿಗೆ 16,000ದಿಂದ 20,000 ರೂಪಾಯಿಗಳವರೆಗೆ ಸಮನಾಗಿ ಹರಡಿದೆಯೆಂದು ಇಟ್ಟುಕೊಳ್ಳೋಣ. ಒಂದೇ ಮನೆಯನ್ನು ನೋಡಿ ಒಪ್ಪಿದವನು ಸರಾಸರಿಯಲ್ಲಿ 18,000 ತೆರುವನು. ಮೂರು ಮನೆಗಳನ್ನು ನೋಡಿದವನಿಗೆ ದೊರೆಯಬಹುದಾದ ಕನಿಷ್ಠ ಬಾಡಿಗೆ ಸರಾಸರಿ 17,000. ಏಳನ್ನು ನೋಡಿದವನಿಗೆ 16,500. ಒಂಬತ್ತನ್ನು ನೋಡಿದವನಿಗೆ 16,400. ಮೊದಲಿನ ಎರಡು ಹೆಚ್ಚುವರಿ ಭೇಟಿಗಳಿಂದ ತಿಂಗಳಿಗೆ ಸಾವಿರ ಉಳಿದರೆ ಕೊನೆಯ ಎರಡರಿಂದ ಉಳಿಯುವುದು ನೂರು ಮಾತ್ರ. ಅಲೆದಷ್ಟೂ ಲಾಭವೆಂಬ ನಂಬಿಕೆ ಸರಿಯಲ್ಲ.

ಈಗ ದಲ್ಲಾಳಿಯು ಮೂರು ಮನೆಗಳನ್ನು ತೋರಿಸಿ 17,000ದ ಮನೆಯೊಂದನ್ನು ಕೊಡಿಸಿ ಅಷ್ಟೇ ರುಸುಮು ಪಡೆದನೆನ್ನೋಣ. ಸ್ವತಃ ಏಳು ಮನೆಗಳನ್ನು ಕಂಡವನೊಡನೆ ಹೋಲಿಸಿದರೆ ಎರಡು ವರ್ಷಗಳಲ್ಲಿ ಬಾಡಿಗೆಯ ವ್ಯತ್ಯಾಸ 12,000, ರುಸುಮು 17,000, ಒಟ್ಟು 29,000 ರೂಪಾಯಿ ಅಧಿಕ. ಆದರೆ ಆ ಏಳು ಮನೆಗಳು ತಾವಾಗಿ ಎದುರು ಬಂದು ನಿಲ್ಲುವುದಿಲ್ಲ. ವಸತಿಗೃಹದ ವಾಸಕ್ಕೂ ಓಡಾಟಕ್ಕೂ ದಿನಕ್ಕೆ ಸಾವಿರ ರೂಪಾಯಿ ಹೆಚ್ಚುವರಿ ವೆಚ್ಚವಾದರೆ ಇಪ್ಪತ್ತೊಂಬತ್ತು ದಿನಗಳಲ್ಲಿ ಲೆಕ್ಕ ಸರಿಹೋಗುವುದು; ವೇತನವೂ ಖೋತಾ ಆಗುವಂತಿದ್ದರೆ ಇನ್ನೂ ಬೇಗ. ಊರಿನಲ್ಲಿ ನೆಂಟರ ಮನೆಯುಳ್ಳವನಿಗೆ ದಲ್ಲಾಳಿ ಅನಾವಶ್ಯಕನೆಂದೂ, ಸೋಮವಾರವೇ ಕೆಲಸಕ್ಕೆ ಹಾಜರಾಗಬೇಕಾದವನಿಗೆ ಅನಿವಾರ್ಯನೆಂದೂ ಈ ಲೆಕ್ಕದ ತಾತ್ಪರ್ಯ.

ದಲ್ಲಾಳಿಯ ಹಿತ ಯಾವ ಕಡೆಗೆ ವಾಲುವುದೆಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಬಾಡಿಗೆಯನ್ನು ಐನೂರು ಇಳಿಸಿದರೆ ಎರಡು ವರ್ಷಗಳಲ್ಲಿ ನಮಗೆ ಉಳಿಯುವುದು 12,000. ಅವನಿಗೆ ತಪ್ಪುವುದು ಐನೂರು. ಅಲ್ಪವೇ ಆದರೂ ನಷ್ಟ ನಷ್ಟವೇ. ಚೌಕಾಸಿಯಲ್ಲಿ ವ್ಯಯವಾಗುವ ಮಧ್ಯಾಹ್ನ ಬೇರೆ. ಮೇಲಾಗಿ ಬಾಡಿಗೆದಾರನನ್ನು ಅವನು ಕಾಣುವುದು ಒಂದು ಸಲ, ಮನೆಯ ಮಾಲೀಕನನ್ನು ಹತ್ತು ಸಲ. ಮುಂಗಡದ ವಿಷಯ ಮಾತ್ರ ಬೇರೆ. ಹತ್ತು ತಿಂಗಳ ಮುಂಗಡ ಬೆಂಗಳೂರಿನ ಹಳೆಯ ವಾಡಿಕೆ. 1,70,000 ರೂಪಾಯಿಗೆ ಶೇಕಡ 7ರಂತೆ ಎರಡು ವರ್ಷಗಳ ಬಡ್ಡಿಯೇ 23,800, ಅಂದರೆ ರುಸುಮನ್ನೂ ಮೀರಿದ್ದು! ಮುಂಗಡವನ್ನು ಐದು ತಿಂಗಳಿಗೆ ಇಳಿಸಿದರೆ ದಲ್ಲಾಳಿಗೆ ಕಾಸಿನ ನಷ್ಟವೂ ಇಲ್ಲ, ನಮಗೆ 11,900 ಉಳಿತಾಯ. ಅವನಿಂದ ವಾದ ಮಾಡಿಸಬೇಕಾದುದು ಇಲ್ಲಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡು ತಿಂಗಳ ಮುಂಗಡವನ್ನೇ ಮಿತಿಯಾಗಿ ಸೂಚಿಸಿದೆ. ಅದು ರಾಜ್ಯಗಳಿಗೆ ಇತ್ತ ಮಾದರಿಯಷ್ಟೆ.

ಲೆಕ್ಕಕ್ಕೆ ಸಿಗದ ಸಂಗತಿಯೊಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಕಿರಿಯ ಅಧ್ಯಾಪಕರೊಬ್ಬರು ಹದಿನಾಲ್ಕು ಮನೆಗಳನ್ನು ಸ್ವತಃ ನೋಡಿದರು. ಹೆಸರು ಹೇಳಿದೊಡನೆ ಮೂರು ಕಡೆ ಮನೆ ‘ಆಗಲೇ ಹೋಗಿತ್ತು’. ಎರಡು ಕಡೆ ಮಾಂಸಾಹಾರದ ಪ್ರಶ್ನೆ ಬಂದಿತು. ಕೊನೆಗೆ ರುಸುಮು ಕೊಟ್ಟು ಮನೆ ಹಿಡಿದ ಅವರು, ತಾವು ಹಣ ತೆತ್ತದ್ದು ಮನೆಗಲ್ಲ, ಇಲ್ಲವೆಂಬ ಮಾತನ್ನು ಎದುರಿಗೆ ನಿಂತು ಕೇಳದಿರುವುದಕ್ಕೆ ಎಂದರು. ದಲಿತರೂ ಮುಸಲ್ಮಾನರೂ ಬಾಡಿಗೆ ಮನೆ ಕೇಳಿದಾಗ ಎದುರಿಸುವ ನಿರಾಕರಣೆಯನ್ನು ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಸುತ್ತಣ ನಗರಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ್ದಾರೆ. ದಲ್ಲಾಳಿ ಈ ನಿರಾಕರಣೆಯನ್ನು ಅಳಿಸುವುದಿಲ್ಲ, ಮರೆಮಾಡುತ್ತಾನೆ. ಒಪ್ಪದ ಮಾಲೀಕರ ಮನೆಗಳನ್ನು ಅವನು ತೋರಿಸುವುದೇ ಇಲ್ಲವಾದ್ದರಿಂದ ಬಾಡಿಗೆದಾರನ ಆಯ್ಕೆ ಅವನಿಗರಿವಿಲ್ಲದೆಯೇ ಕಿರಿದಾಗುವುದು.

ರುಸುಮನ್ನು ಯಾರು ತೆರಬೇಕೆಂಬುದರಲ್ಲಿಯೂ ದೇಶದೇಶಕ್ಕೆ ಭೇದವಿದೆ. ಜರ್ಮನಿಯಲ್ಲಿ 2015ರಿಂದ ದಲ್ಲಾಳಿಯನ್ನು ನೇಮಿಸಿದವನೇ ತೆರತಕ್ಕದ್ದು. ನ್ಯೂಯಾರ್ಕ್ ನಗರವು 2025ರ ಜೂನಿನಲ್ಲಿ ಇದೇ ನ್ಯಾಯವನ್ನು ಜಾರಿಗೆ ತಂದಿತು. ನಮ್ಮಲ್ಲಿ ಎರಡೂ ಕಡೆಯಿಂದ ಪಡೆಯುವುದುಂಟು. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿದ್ದರೂ, ನಾವು ಕಂಡ ದಲ್ಲಾಳಿಗಳಲ್ಲಿ ನೋಂದಣಿಪತ್ರ ತೋರಿಸಿದವರು ಒಬ್ಬರೂ ಇಲ್ಲ.

ದಲ್ಲಾಳಿಗೆ ಬದಲಾಗಿ ಜಾಲತಾಣಗಳಿಗೆ ಚಂದಾ ತೆತ್ತು ಮಾಲೀಕರ ದೂರವಾಣಿ ಸಂಖ್ಯೆಗಳನ್ನು ಪಡೆಯುವ ಮಾರ್ಗವೂ ಇದೆ. ಮೊತ್ತ ಚಿಕ್ಕದು, ಆದರೆ ಮನೆ ಸಿಗುವ ಮುನ್ನವೇ ಕೊಡಬೇಕಾದದ್ದು, ಸಿಗದಿದ್ದರೆ ನಷ್ಟ ನಮ್ಮದು. ದಲ್ಲಾಳಿಯಾದರೆ ಕರಾರುಪತ್ರಕ್ಕೆ ಸಹಿ ಬಿದ್ದ ಮೇಲೆ ಕೊಟ್ಟರಾಯಿತು. ಮನೆ ತೋರಿಸುವುದಕ್ಕೇ ಮೊದಲು ಹಣ ಕೇಳುವವನನ್ನು ಅಲ್ಲಿಯೇ ಬಿಡುವುದು ಕ್ಷೇಮ. ಒಂದು ವರ್ಷವನ್ನು ಮೀರಿದ ಕರಾರನ್ನು 1908ರ ನೋಂದಣಿ ಅಧಿನಿಯಮದಂತೆ ನೋಂದಾಯಿಸಬೇಕಾಗುವುದರಿಂದ ಹನ್ನೊಂದು ತಿಂಗಳಿಗೆ ಬರೆಯುವುದು ಪದ್ಧತಿ. ಹನ್ನೆರಡನೆಯ ತಿಂಗಳಿನಲ್ಲಿ ಅದೇ ಮನೆಯ ನವೀಕರಣಕ್ಕೆಂದು ದಲ್ಲಾಳಿಯು ಮತ್ತೆ ಬಾಗಿಲು ತಟ್ಟುವುದುಂಟು. ಆಗ ಏನೂ ಸಲ್ಲತಕ್ಕದ್ದಿಲ್ಲವೆಂಬ ಮಾತನ್ನು ಮೊದಲ ದಿನವೇ ರಸೀತಿಯ ಹಿಂಬದಿಯಲ್ಲಿ ಬರೆಸಿಕೊಳ್ಳಬಹುದು.